ವಾಲ್ವ್ ಸವೆಯುತ್ತದೆ, ಟ್ರಾನ್ಸಿಸ್ಟರ್ ಕೆಡುತ್ತದೆ: ಎರಡನ್ನೂ ಹೆಚ್ಚು ಕಾಲ ಬಾಳಿಸುವುದು ಹೇಗೆ

ವಾಲ್ವ್ (ಗಾಳಿ ತೆಗೆದ ಗಾಜಿನ ಬುರುಡೆ, ಅಂದರೆ ವ್ಯಾಕ್ಯೂಮ್ ಟ್ಯೂಬ್) ಇರುವ ಆಂಪ್ಲಿಫೈಯರ್ ಇಟ್ಟುಕೊಂಡವರೆಲ್ಲ ಕೇಳುವ ಪ್ರಶ್ನೆ ಒಂದೇ, ಈ ವಾಲ್ವ್‌ಗಳು ಎಷ್ಟು ವರ್ಷ ಬರುತ್ತವೆ? ಟ್ರಾನ್ಸಿಸ್ಟರ್ ಆಂಪ್ ಇರುವವರು ಈ ಪ್ರಶ್ನೆ ಕೇಳುವುದೇ ಇಲ್ಲ, ಅದು ಹೇಗೂ ನಡೆಯುತ್ತೆ ಅಂತ ಬಿಟ್ಟುಬಿಟ್ಟಿರುತ್ತಾರೆ. ಮೊದಲನೆಯವರು ಸುಮ್ನೆ ಜಾಸ್ತಿ ಹೆದರುತ್ತಾರೆ, ಎರಡನೆಯವರು ಹೆದರಬೇಕಾದ ಕಡೆಯೂ ಹೆದರುವುದಿಲ್ಲ. ವಾಲ್ವ್‌ಗೆ ವಯಸ್ಸಾಗುವುದು ಒಳಗಿನಿಂದ, ನಿಧಾನವಾಗಿ, ಮೀಟರಿಗೆ ಸಿಗುವ ಹಾಗೆ. ಟ್ರಾನ್ಸಿಸ್ಟರ್‌ಗೆ ಹಾಗೆ ವಯಸ್ಸಾಗುವುದು ತುಂಬಾ ಕಮ್ಮಿ. ಅದನ್ನು ಹೊರಗಿನ ಬಿಸಿಯೋ ವೋಲ್ಟೇಜ್ ಏಟೋ ಕೆಡಿಸುತ್ತದೆ, ಅದೂ ಬಹಳ ಸಲ ಒಂದೇ ಕ್ಷಣದಲ್ಲಿ. ಹಾಗಾಗಿ ವಾಲ್ವನ್ನು ಆಗಾಗ ಅಳೆದು ನೋಡಬೇಕು, ಟ್ರಾನ್ಸಿಸ್ಟರನ್ನು ಕಾಯಬೇಕು. ಕೆಳಗಿರುವುದೆಲ್ಲ ಈ ಎರಡು ಕೆಲಸಗಳ ವಿವರ.

ಮೊದಲು ಜೋಪಾನ

ವಾಲ್ವ್ ಸೆಟ್ಟಿನೊಳಗೆ 300ರಿಂದ 450 ವೋಲ್ಟ್ ಡಿಸಿ ಇರುವುದು ಮಾಮೂಲು. ಪ್ಲಗ್ ಕಿತ್ತ ಮೇಲೂ ಫಿಲ್ಟರ್ ಕೆಪಾಸಿಟರ್‌ಗಳಲ್ಲಿ ಅದು ಉಳಿದಿರುತ್ತದೆ, ಕೆಲವು ಸೆಟ್ಟುಗಳಲ್ಲಿ ಗಂಟೆಗಟ್ಟಲೆ. ಸುಮಾರು 10 ಕಿಲೋ ಓಮ್, 5 ವ್ಯಾಟ್‌ನ ರೆಸಿಸ್ಟರ್ ಒಂದಕ್ಕೆ ಇನ್ಸುಲೇಷನ್ ಇರುವ ಕ್ಲಿಪ್ ವೈರ್ ಬೆಸೆದು ಇಟ್ಟುಕೊಳ್ಳಿ. ಕೆಪಾಸಿಟರ್‌ನ ಪ್ಲಸ್ ಕಾಲಿಗೂ ಚಾಸಿಗೂ (ಸೆಟ್ಟಿನ ಲೋಹದ ಚೌಕಟ್ಟು) ಮಧ್ಯೆ ಅದನ್ನು ಹತ್ತು ಸೆಕೆಂಡ್ ಹಿಡಿದು, ಆಮೇಲೆ ಮೀಟರ್ ಇಟ್ಟು ವೋಲ್ಟೇಜ್ ಇಳಿದಿದೆಯಾ ಅಂತ ಕಣ್ಣಾರೆ ನೋಡಿ. ಸೆಟ್ ಆನ್ ಇರುವಾಗ ಅಳೆಯಬೇಕಾದರೆ ಕಪ್ಪು ಪ್ರೋಬನ್ನು ಚಾಸಿಗೆ ಕ್ಲಿಪ್ ಮಾಡಿ, ಒಂದೇ ಕೈಯಲ್ಲಿ ಕೆಂಪು ಪ್ರೋಬ್ ಹಿಡಿಯಿರಿ, ಇನ್ನೊಂದು ಕೈ ಬೆನ್ನ ಹಿಂದೆ ಇರಲಿ. ಇದು ಅಭ್ಯಾಸ ಇಲ್ಲದವರು ಗೊತ್ತಿರುವವರ ಜೊತೆ ಕೂತು ಕಲಿಯುವುದೇ ಒಳ್ಳೆಯದು. ಇಲ್ಲಿ ಅವಸರಕ್ಕೆ ಜಾಗವೇ ಇಲ್ಲ.

ವಾಲ್ವ್ ಒಳಗೆ ಮುಗಿಯುವುದು ಏನು?

ಹೀಟರ್ ತಂತಿ ಸುಟ್ಟುಹೋಗಿ ವಾಲ್ವ್ ಸಾಯುತ್ತದೆ ಅಂತ ಎಷ್ಟೋ ಜನ ಅಂದುಕೊಂಡಿರುತ್ತಾರೆ. ಹಾಗೂ ಆಗುತ್ತದೆ, ಆದರೆ ಸರಿಯಾದ ವೋಲ್ಟೇಜಲ್ಲಿ ನಡೆಯುವ ಸೆಟ್ಟಿನಲ್ಲಿ ಅದು ಅಪರೂಪ. ನಿಜವಾಗಿ ಮುಗಿಯುವುದು ಕ್ಯಾಥೋಡ್ ಮೇಲಿನ ಲೇಪ. ಕ್ಯಾಥೋಡ್ ಅಂದರೆ ನಿಕ್ಕಲ್ಲಿನ ಸಣ್ಣ ಕೊಳವೆ, ಅದರ ಮೇಲೆ ಬೇರಿಯಂ ಮತ್ತು ಸ್ಟ್ರಾನ್ಷಿಯಂ ಆಕ್ಸೈಡಿನ ಬಿಳಿ ಲೇಪ. ಒಳಗಿನ ಹೀಟರ್ ಅದನ್ನು ಸುಮಾರು 750ರಿಂದ 800 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದಾಗ ಲೇಪದಿಂದ ಎಲೆಕ್ಟ್ರಾನ್‌ಗಳು ಹೊರಟು ಸುತ್ತಲಿನ ಪ್ಲೇಟ್ ಅನ್ನುವ ಲೋಹದ ತಗಡಿಗೆ ಹೋಗುತ್ತವೆ. ಎಷ್ಟು ಹೋಗಬೇಕು ಅನ್ನುವುದನ್ನು ಮಧ್ಯದ ಗ್ರಿಡ್ ಅನ್ನುವ ಜಾಲರಿ ಹಿಡಿದಿಡುತ್ತದೆ. ಆ ಬಿಸಿಗೆ ಬೇರಿಯಂ ಸ್ವಲ್ಪ ಸ್ವಲ್ಪವೇ ಆವಿಯಾಗಿ ಹೋಗುತ್ತಲೂ ಇರುತ್ತದೆ. ದೀಪದಲ್ಲಿ ಎಣ್ಣೆ ಇರುವಷ್ಟು ಹೊತ್ತು ಉರಿಯುವ ಹಾಗೆ ಲೇಪ ಇರುವಷ್ಟು ದಿನ ವಾಲ್ವ್. ಬಿಸಿ ಹೆಚ್ಚಾದಷ್ಟೂ ಬೇಗ ಖಾಲಿ.

ಗಂಟೆಗಳ ಲೆಕ್ಕದಲ್ಲಿ ಹೇಳುವುದಾದರೆ, ಸ್ಪೀಕರನ್ನು ನಡೆಸುವ, ಇಎಲ್34 ತರಹದ ಔಟ್‌ಪುಟ್ ವಾಲ್ವ್‌ಗಳು ಕೆಲವು ಸಾವಿರ ಗಂಟೆ ಚೆನ್ನಾಗಿ ಬರುತ್ತವೆ. ಸಣ್ಣ ಸಿಗ್ನಲನ್ನು ಮೊದಲು ಹಿಗ್ಗಿಸುವ, ಇಸಿಸಿ83 ತರಹದ ಪುಟ್ಟ ಪ್ರೀಆಂಪ್ ವಾಲ್ವ್‌ಗಳು 10,000 ಗಂಟೆ ದಾಟುವುದು ಸಾಮಾನ್ಯ. ದಿನಕ್ಕೆ 3 ಗಂಟೆ ಕೇಳಿದರೂ 10,000 ಗಂಟೆ ಅಂದರೆ 9 ವರ್ಷಕ್ಕೂ ಜಾಸ್ತಿ ಆಯ್ತು. ಹಾಗಾಗಿ ವರ್ಷಕ್ಕೊಮ್ಮೆ ಎಲ್ಲ ವಾಲ್ವ್ ಬದಲಾಯಿಸಿ ಅನ್ನುವ ಸಲಹೆ ನನಗೆ ಸರಿ ಕಾಣುವುದಿಲ್ಲ. ಚೆನ್ನಾಗಿರುವ ಹಳೇ ಪ್ರೀಆಂಪ್ ವಾಲ್ವ್ ಕಿತ್ತು ಹೊಸದು ಹಾಕಿದರೆ ಎಷ್ಟೋ ಸಲ ಇದ್ದದ್ದಕ್ಕಿಂತ ಕಮ್ಮಿ ದರ್ಜೆಯದೇ ಒಳಗೆ ಹೋಗುತ್ತದೆ.

ಈಗ ವಾಲ್ವನ್ನು ಕೈಯಲ್ಲಿ ಹಿಡಿದು ಬೆಳಕಿಗೆ ತಿರುಗಿಸಿ. ಗಾಜಿನ ಒಳಮೈ ಮೇಲೆ ಕನ್ನಡಿ ಹಾಗೆ ಬೆಳ್ಳಿ ಬಣ್ಣದ ಒಂದು ಕಲೆ ಕಾಣುತ್ತದೆ, ಹೆಚ್ಚಾಗಿ ತುದಿಯಲ್ಲಿ, ಕೆಲವದರಲ್ಲಿ ಪಕ್ಕದಲ್ಲಿ. ಅದು ಗೆಟರ್. ಒಳಗೆ ಉಳಿದ, ಆಮೇಲೆ ಲೋಹದ ಭಾಗಗಳಿಂದ ಹೊರಬರುವ ಗ್ಯಾಸನ್ನು ಹೀರಿಕೊಳ್ಳುವ ಬೇರಿಯಂ ಪದರ. ಅದು ಹೊಳೆಯುತ್ತಿದ್ದರೆ ನಿರ್ವಾತ ಸರಿ ಇದೆ ಅಂತ ಅರ್ಥ. ಕಪ್ಪಾಗಿ ಹೊಳೆಯುತ್ತಿದ್ದರೂ ತೊಂದರೆ ಇಲ್ಲ. ಅಂಚು ಕಂದು ಬಣ್ಣಕ್ಕೆ ತಿರುಗಿ ತೆಳುವಾಗುತ್ತಾ ಕಲೆ ಕುಗ್ಗಿದ್ದರೆ ಆ ವಾಲ್ವ್ ತುಂಬಾ ದುಡಿದಿದೆ. ಹಾಲಿನ ಹಾಗೆ ಬಿಳಿಯಾಗಿದ್ದರೆ ಒಳಗೆ ಗಾಳಿ ಹೋಗಿದೆ, ಆ ವಾಲ್ವ್ ಮುಗಿಯಿತು. ಅದನ್ನು ಸಾಕೆಟ್ಟಿಗೆ ಹಾಕಲೇಬೇಡಿ. ಆದರೆ ಗೆಟರ್ ಚೆನ್ನಾಗಿದ್ದ ಮಾತ್ರಕ್ಕೆ ವಾಲ್ವ್ ಚೆನ್ನಾಗಿದೆ ಅಂತಲ್ಲ, ಕ್ಯಾಥೋಡ್ ಖಾಲಿಯಾಗಿದ್ದರೂ ಗೆಟರ್ ಥಳಥಳ ಅನ್ನುತ್ತಿರಬಹುದು.

ನೀಲಿ ಬೆಳಕಿನ ಬಗ್ಗೆಯೂ ಒಂದು ಮಾತು. ಔಟ್‌ಪುಟ್ ವಾಲ್ವಿನ ಗಾಜಿನ ಒಳಮೈಗೆ ಅಂಟಿದ ಹಾಗೆ ಕಾಣುವ ನೀಲಿ ಹೊಳಪು ಎಲೆಕ್ಟ್ರಾನ್‌ಗಳು ಗಾಜಿಗೆ ಬಡಿದು ಆಗುವುದು, ಅದರಿಂದ ಏನೂ ತೊಂದರೆ ಇಲ್ಲ. ಕ್ಯಾಥೋಡಿಗೂ ಪ್ಲೇಟಿಗೂ ನಡುವಿನ ಜಾಗದಲ್ಲೇ ನೇರಳೆ ಅಥವಾ ಗುಲಾಬಿ ಮಬ್ಬು ತುಂಬಿಕೊಂಡಿದ್ದರೆ ಅದು ಗ್ಯಾಸ್, ಸೆಟ್ ಆಫ್ ಮಾಡಿ. ಇದಕ್ಕೆ ವೋಲ್ಟೇಜ್ ರೆಗ್ಯುಲೇಟರ್ ವಾಲ್ವ್‌ಗಳು ಹೊರತು, ಅವುಗಳಲ್ಲಿ ಗ್ಯಾಸ್ ತುಂಬಿಯೇ ಬಂದಿರುತ್ತದೆ.

ಹೀಟರ್ ವೋಲ್ಟೇಜ್: ಮೊದಲು ಅಳೆಯಬೇಕಾದ್ದು

ಜನ ದುಬಾರಿ ವಾಲ್ವ್ ಹುಡುಕುತ್ತಾರೆ, ಇದನ್ನು ಮಾತ್ರ ಅಳೆಯುವುದಿಲ್ಲ. ಇಎಲ್34ಗೆ 2 ಮತ್ತು 7ನೇ ಪಿನ್ ಮಧ್ಯೆ ಏಸಿ ವೋಲ್ಟ್ ಅಳೆಯಿರಿ. 6.3 ವೋಲ್ಟಿಗೆ ವೈರ್ ಮಾಡಿದ ಇಸಿಸಿ83ಯಲ್ಲಿ 4 ಮತ್ತು 5ನೇ ಪಿನ್ ಒಟ್ಟಿಗೆ ಸೇರಿರುತ್ತವೆ, ಅವಕ್ಕೂ 9ನೇ ಪಿನ್ನಿಗೂ ಮಧ್ಯೆ ಅಳೆಯಿರಿ. 6.3 ವೋಲ್ಟ್ ಆಸುಪಾಸು ಇರಬೇಕು. ಶೇಕಡಾ 10 ಆಚೀಚೆ ಅಂದರೆ 5.7ರಿಂದ 6.9 ಕೊನೆಯ ಮಿತಿ, ನನ್ನ ಸೆಟ್ ಆದರೆ ನಾನು 6.0ರಿಂದ 6.5ರೊಳಗೆ ಇರಲಿ ಅನ್ನುತ್ತೇನೆ. 220 ವೋಲ್ಟಿಗೆ ಮಾಡಿದ ಹಳೇ ಟ್ರಾನ್ಸ್‌ಫಾರ್ಮರಿಗೆ 240 ವೋಲ್ಟ್ ಕೊಟ್ಟರೆ 6.3 ಇರಬೇಕಾದ್ದು ಸುಮಾರು 6.9 ಆಗುತ್ತದೆ, ಅಂದರೆ ದಿನವೂ ಮಿತಿಯ ಅಂಚಿನಲ್ಲೇ ಓಟ. ಟ್ರಾನ್ಸ್‌ಫಾರ್ಮರಿನಲ್ಲಿ ಹೆಚ್ಚಿನ ವೋಲ್ಟೇಜಿಗೆ ಮಾಡಿದ ಬೇರೆ ಟ್ಯಾಪ್ (ತಂತಿ ಸೇರಿಸುವ ಜಾಗ) ಇದ್ದರೆ ಅದಕ್ಕೆ ಬದಲಾಯಿಸಿ. ಇದರಿಂದ ಎಲ್ಲ ವಾಲ್ವ್‌ಗಳ ಆಯಸ್ಸು ಒಟ್ಟಿಗೇ ಹೆಚ್ಚುತ್ತದೆ. ತೀರಾ ಕಮ್ಮಿ ಮಾಡಿದರೆ ಒಳ್ಳೆಯದು ಅಂತಲೂ ತಿಳಿಯಬೇಡಿ, ಕ್ಯಾಥೋಡ್ ಸರಿಯಾಗಿ ಕಾಯದೆ ಜಾಸ್ತಿ ಕರೆಂಟ್ ಎಳೆದರೆ ಅದೂ ಲೇಪಕ್ಕೆ ಕೆಟ್ಟದ್ದೇ.

ಬಯಾಸ್ ಅಳೆದು ಬರೆದಿಡಿ

ಬಯಾಸ್ ಅಂದರೆ ಸಿಗ್ನಲ್ ಇಲ್ಲದಾಗ ವಾಲ್ವಿನಲ್ಲಿ ಎಷ್ಟು ಕರೆಂಟ್ ಹರಿಯಬೇಕು ಅಂತ ಗೊತ್ತುಮಾಡುವ ಗ್ರಿಡ್ ವೋಲ್ಟೇಜ್. ವಾಲ್ವ್ ಎಷ್ಟು ಸವೆದಿದೆ ಅಂತ ಹೇಳುವುದು ಆ ಕರೆಂಟೇ, ಹಾಗಾಗಿ ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಫಿಕ್ಸೆಡ್ ಬಯಾಸ್ ಆಂಪಿನಲ್ಲಿ, ಅಂದರೆ ಗ್ರಿಡ್ಡಿಗೆ ಬೇರೆಯೇ ಮೈನಸ್ ವೋಲ್ಟೇಜ್ ಕೊಡುವ ಆಂಪಿನಲ್ಲಿ, ಪ್ರತಿ ಔಟ್‌ಪುಟ್ ವಾಲ್ವಿನ ಕ್ಯಾಥೋಡಿಗೂ ಚಾಸಿಗೂ ಮಧ್ಯೆ 1 ಓಮ್ ರೆಸಿಸ್ಟರ್ ಹಾಕಿ. ಇಎಲ್34ರಲ್ಲಿ ಕ್ಯಾಥೋಡ್ 8ನೇ ಪಿನ್. ಈಗ ಅದರ ಮೇಲೆ ಬರುವ ಒಂದೊಂದು ಮಿಲಿವೋಲ್ಟೂ ಒಂದೊಂದು ಮಿಲಿಆಂಪ್. ಸಿಗ್ನಲ್ ಇಲ್ಲದೆ, ಆನ್ ಮಾಡಿ ಇಪ್ಪತ್ತು ನಿಮಿಷ ಆದಮೇಲೆ ಅಳೆಯಿರಿ. ಮೀಟರ್ 38 ಮಿಲಿವೋಲ್ಟ್ ತೋರಿಸಿತು, ಪ್ಲೇಟ್ ವೋಲ್ಟೇಜ್ 420 ಇದೆ ಅಂದುಕೊಳ್ಳಿ. 420 ಗುಣಿಸು 0.038, ಹತ್ತಿರ ಹತ್ತಿರ 16 ವ್ಯಾಟ್. ಇಎಲ್34ರ ಪ್ಲೇಟಿಗೆ ಮಿತಿ 25 ವ್ಯಾಟ್, ಅಂದರೆ ನೀವು ಶೇಕಡಾ 64ರಲ್ಲಿ ಇದ್ದೀರಿ. ಕ್ಲಾಸ್ ಎಬಿ ಆಂಪಿಗೆ (ಜೋಡಿ ವಾಲ್ವ್‌ಗಳು ಸಿಗ್ನಲ್ಲನ್ನು ಹಂಚಿಕೊಂಡು ನಡೆಸುವ ಬಗೆ) 60ರಿಂದ 70ರ ನಡುವೆ ಇದ್ದರೆ ಸಾಕು. ಈ 38ರಲ್ಲಿ ಸ್ಕ್ರೀನ್ ಗ್ರಿಡ್ (ಗ್ರಿಡ್ಡಿಗೂ ಪ್ಲೇಟಿಗೂ ನಡುವಿನ ಇನ್ನೊಂದು ಜಾಲರಿ) ಎಳೆಯುವ ಕರೆಂಟೂ ಸೇರಿರುತ್ತದೆ, ಹಾಗಾಗಿ ಪ್ಲೇಟಿನ ನಿಜವಾದ ಲೆಕ್ಕ ಇನ್ನೂ ಸ್ವಲ್ಪ ಕಮ್ಮಿ, ಅದು ನಮಗೆ ಒಳ್ಳೆಯದೇ. ಸದ್ದು ಚೆನ್ನಾಗಿರುತ್ತೆ ಅಂತ 90ಕ್ಕೆ ಏರಿಸುವವರಿದ್ದಾರೆ. ಕಿವಿಗೆ ಸಿಗುವ ಲಾಭ ಅಷ್ಟಕ್ಕಷ್ಟೇ, ಆಯಸ್ಸು ಮಾತ್ರ ಖಂಡಿತ ಕಮ್ಮಿಯಾಗುತ್ತದೆ.

ತಾರೀಖಿನ ಸಮೇತ ಒಂದು ಚೀಟಿಯಲ್ಲಿ ಬರೆದು ಆಂಪಿನ ಕೆಳಗೆ ಅಂಟಿಸಿ. ಕೆಲವು ತಿಂಗಳಿಗೊಮ್ಮೆ ಮತ್ತೆ ಅಳೆಯಿರಿ. ಬಯಾಸ್ ಮುಟ್ಟದೆ ಇದ್ದರೂ 38 ಇದ್ದದ್ದು 34, ಆಮೇಲೆ 29 ಅಂತ ಇಳಿಯುತ್ತಾ ಹೋದರೆ, ಬಯಾಸ್ ವೋಲ್ಟೇಜೂ ಪ್ಲೇಟ್ ವೋಲ್ಟೇಜೂ ಮೊದಲಿನಷ್ಟೇ ಇದ್ದರೆ, ಕ್ಯಾಥೋಡ್ ಸೋಲುತ್ತಿದೆ. ಕ್ಯಾಥೋಡ್ ಬಯಾಸ್ ಆಂಪಿನಲ್ಲಿ (ಕ್ಯಾಥೋಡಿನ ರೆಸಿಸ್ಟರೇ ಬಯಾಸ್ ಕೊಡುವ ಬಗೆ) ಈ ಇಳಿತ ಅಷ್ಟಾಗಿ ಕಾಣುವುದಿಲ್ಲ, ಯಾಕೆಂದರೆ ಕರೆಂಟ್ ಕಮ್ಮಿಯಾದ ಹಾಗೆ ಬಯಾಸೂ ಕಮ್ಮಿಯಾಗಿ ಅದನ್ನು ಸರಿದೂಗಿಸುತ್ತದೆ. ಅಲ್ಲಿ ಕ್ಯಾಥೋಡ್ ವೋಲ್ಟೇಜಿನ ಸಣ್ಣ ಇಳಿತವನ್ನೂ ಗಂಭೀರವಾಗಿ ತೆಗೆದುಕೊಳ್ಳಿ.

ಜೋಡಿಯಲ್ಲಿ ಒಂದು 45, ಇನ್ನೊಂದು 28 ತೋರಿಸಿದರೆ ತಕ್ಷಣ ಹೊಸ ಜೋಡಿ ಕೊಳ್ಳಬೇಡಿ. ಸೆಟ್ ಆಫ್ ಮಾಡಿ, ವಾಲ್ವ್ ಆರಿದ ಮೇಲೆ ಎರಡನ್ನೂ ಅದಲು ಬದಲು ಮಾಡಿ ಮತ್ತೆ ಅಳೆಯಿರಿ. 45 ವಾಲ್ವಿನ ಜೊತೆಗೇ ಹೋಯಿತೋ, ತಪ್ಪು ವಾಲ್ವಿನದು. 45 ಅದೇ ಸಾಕೆಟ್ಟಿನಲ್ಲಿ ಉಳಿಯಿತೋ, ತಪ್ಪು ಸರ್ಕ್ಯೂಟಿನದು, ಹೆಚ್ಚಿನ ಸಲ ಕಪ್ಲಿಂಗ್ ಕೆಪಾಸಿಟರಿನದು (ಹಿಂದಿನ ಹಂತದ ಸಿಗ್ನಲನ್ನು ಮಾತ್ರ ದಾಟಿಸಿ ಡಿಸಿ ತಡೆಯುವುದು). ಹಳೇ ಪೇಪರ್ ಕೆಪಾಸಿಟರ್ ಸೋರಲು ಶುರುವಾದರೆ ಹಿಂದಿನ ಹಂತದ ಪ್ಲಸ್ ವೋಲ್ಟೇಜ್ ಔಟ್‌ಪುಟ್ ವಾಲ್ವಿನ ಗ್ರಿಡ್ಡಿಗೆ ಬರುತ್ತದೆ, ಕರೆಂಟ್ ಏರುತ್ತದೆ, ಪ್ಲೇಟ್ ಕೆಂಪಗೆ ಕಾಯುತ್ತದೆ. ಕ್ಯಾಥೋಡ್ ಬಯಾಸ್ ಸೆಟ್ಟಿನಲ್ಲಿ ಗ್ರಿಡ್ ಮೇಲೆ 0 ವೋಲ್ಟ್ ಇರಬೇಕು. ಇಎಲ್34 ಆದರೆ 5ನೇ ಪಿನ್ ನೋಡಿ. ಅಲ್ಲಿ ಪ್ಲಸ್ 1 ಅಥವಾ 2 ವೋಲ್ಟ್ ಕಂಡರೆ ಸೆಟ್ ಆಫ್ ಮಾಡಿ ಆ ವಾಲ್ವ್ ತೆಗೆದು ಮತ್ತೆ ಆನ್ ಮಾಡಿ ಅಳೆಯಿರಿ. ವೋಲ್ಟೇಜ್ ಹಾಗೇ ಇದ್ದರೆ ಕೆಪಾಸಿಟರ್ ಬದಲಾಯಿಸಿ, ಮಾಯವಾದರೆ ವಾಲ್ವ್ ಒಳಗೆ ಗ್ಯಾಸ್ ಇದೆ. ಒಂದು ಚಿಕ್ಕ ಕೆಪಾಸಿಟರ್ ಬದಲಾಯಿಸದೆ ಒಂದರ ಹಿಂದೆ ಒಂದು ಒಳ್ಳೇ ವಾಲ್ವ್ ಸುಡುವುದು ನೋಡಿದರೆ ನಿಜಕ್ಕೂ ಹೊಟ್ಟೆ ಉರಿಯುತ್ತದೆ.

ಪ್ಲೇಟ್ ಕೆಂಪಾಗಿದ್ದು ಕಂಡರೆ ಯೋಚನೆ ಮಾಡುತ್ತಾ ನಿಲ್ಲಬೇಡಿ, ಮೊದಲು ಆಫ್.

ಪ್ರೀಆಂಪ್ ವಾಲ್ವ್‌ಗಳಿಗೆ ಇಷ್ಟೆಲ್ಲ ಬೇಡ. ವಾಲ್ಯೂಮ್ ಸ್ವಲ್ಪ ಏರಿಸಿ, ಒಣ ಮರದ ಕಡ್ಡಿಯಿಂದ ಒಂದೊಂದನ್ನೂ ಮೆಲ್ಲಗೆ ತಟ್ಟಿ. ಸಣ್ಣ ಟಕ್ ಸದ್ದು ಎಲ್ಲದಕ್ಕೂ ಬರುತ್ತದೆ. ಗಂಟೆ ಹೊಡೆದ ಹಾಗೆ ಟಿಂಗ್ ಅಂತ ಎಳೆದರೆ ಒಳಗಿನ ಭಾಗಗಳು ಸಡಿಲವಾಗಿವೆ, ಚರಚರ ಅಂದರೆ ಮೊದಲು ಪಿನ್ ಮತ್ತು ಸಾಕೆಟ್ ಕ್ಲೀನ್ ಮಾಡಿ ಆಮೇಲೆ ವಾಲ್ವಿನ ಮೇಲೆ ಅನುಮಾನ ಪಡಿ. ಸದ್ದು, ಗೊರಗೊರ ಏನೂ ಇಲ್ಲ ಅಂದರೆ ಅದರ ಪಾಡಿಗೆ ಅದನ್ನು ಬಿಡಿ.

ಆನ್, ಆಫ್, ಸ್ಟ್ಯಾಂಡ್‌ಬೈ

ತಣ್ಣಗಿರುವ ಟಂಗ್‌ಸ್ಟನ್ ಹೀಟರಿನ ರೆಸಿಸ್ಟೆನ್ಸ್ ಬಿಸಿಯಾದಾಗಿನದಕ್ಕಿಂತ ಎಷ್ಟೋ ಪಟ್ಟು ಕಮ್ಮಿ. ಹಾಗಾಗಿ ಆನ್ ಮಾಡಿದ ಕ್ಷಣ ಕರೆಂಟ್ ನುಗ್ಗುತ್ತದೆ. 1946ರಲ್ಲಿ ಜನರ ಮುಂದೆ ಬಂದ ಎನಿಯಾಕ್ ಕಂಪ್ಯೂಟರಿನಲ್ಲಿ 17,000ಕ್ಕೂ ಹೆಚ್ಚು ವಾಲ್ವ್‌ಗಳಿದ್ದವು. ಅಲ್ಲಿ ವಾಲ್ವ್ ಕೆಡುತ್ತಿದ್ದುದು ಹೆಚ್ಚಾಗಿ ಬಿಸಿಯಾಗುವಾಗ ಮತ್ತು ಆರುವಾಗ, ಅದಕ್ಕೇ ಅದನ್ನು ಆಫ್ ಮಾಡುವುದನ್ನೇ ತಪ್ಪಿಸುತ್ತಿದ್ದರು. ಅಷ್ಟಾದರೂ ಸರಾಸರಿ ಎರಡು ದಿನಕ್ಕೊಂದು ವಾಲ್ವ್ ಹೋಗುತ್ತಿತ್ತು, ಒಂದೂ ಕೆಡದೆ ಓಡಿದ ಅತಿ ಉದ್ದದ ಅವಧಿ 1954ರಲ್ಲಿ 116 ಗಂಟೆ. ನಾಲ್ಕೈದು ವಾಲ್ವಿನ ಆಂಪಿಗೆ ಈ ಲೆಕ್ಕ ಹೆದರಿಕೆ ಹುಟ್ಟಿಸಬೇಕಿಲ್ಲ, ಅಲ್ವಾ? ಒಂದು ಗಂಟೆಯೊಳಗೆ ಮತ್ತೆ ಕೇಳುವುದಿದ್ದರೆ ಆನ್ ಇರಲಿ, ಇಲ್ಲದಿದ್ದರೆ ಆಫ್ ಮಾಡಿ. ದಿನಕ್ಕೆ ಹತ್ತು ಸಲ ಸ್ವಿಚ್ ತಿರುಗಿಸಬೇಡಿ, ಅಷ್ಟೇ.

ಸ್ಟ್ಯಾಂಡ್‌ಬೈ ಸ್ವಿಚ್ ವಾಲ್ವ್ ಉಳಿಸುತ್ತೆ ಅಂತ ಸಂಜೆಯಿಂದ ಬೆಳಗಿನವರೆಗೂ ಹಾಗೇ ಇಡುವವರಿದ್ದಾರೆ. ಇದು ಉಲ್ಟಾ. ಹೀಟರ್ ಬಿಸಿಯಾಗಿದ್ದು ಪ್ಲೇಟ್ ಕರೆಂಟ್ ಇಲ್ಲದೆ ತುಂಬಾ ಹೊತ್ತು ಇದ್ದರೆ ನಿಕ್ಕಲ್ಲಿಗೂ ಲೇಪಕ್ಕೂ ನಡುವೆ ಕರೆಂಟಿಗೆ ಅಡ್ಡ ಬರುವ ಇನ್ನೊಂದು ಪದರ ಬೆಳೆಯುತ್ತದೆ. ಹಳೇ ಕಂಪ್ಯೂಟರ್‌ಗಳಲ್ಲಿ ಕರೆಂಟ್ ಇಲ್ಲದೆ ಕಾಯುತ್ತಾ ಕೂತ ವಾಲ್ವ್‌ಗಳಿಗೆ ಇದೇ ಕಾಯಿಲೆ ಬಂದು, ಸಿಲಿಕಾನ್ ಅಂಶ ಕಮ್ಮಿ ಇರುವ ನಿಕ್ಕಲ್ಲಿನಿಂದ ಬೇರೆ ವಾಲ್ವ್‌ಗಳನ್ನೇ ಮಾಡಬೇಕಾಯಿತು. ಹತ್ತು ಹದಿನೈದು ನಿಮಿಷ ಸ್ಟ್ಯಾಂಡ್‌ಬೈ ಪರವಾಗಿಲ್ಲ, ಅದಕ್ಕಿಂತ ಜಾಸ್ತಿ ಆದರೆ ಪೂರ್ತಿ ಆಫ್ ಮಾಡಿ.

ಕಮ್ಮಿ ಬಿಸಿ, ಕಮ್ಮಿ ಹೊರೆ, ಆನ್ ಆಫ್ ಇಲ್ಲ, ಈ ಮೂರೂ ಸೇರಿದರೆ ವಾಲ್ವ್ ಎಷ್ಟು ಬಾಳಬಲ್ಲದು ಅನ್ನುವುದಕ್ಕೆ ಅಟ್ಲಾಂಟಿಕ್ ಸಾಗರದ ತಳದಲ್ಲಿ ಹಾಕಿದ ಮೊದಲ ಟೆಲಿಫೋನ್ ಕೇಬಲ್ ಟಿಎಟಿ-1 ಇದೆ. ದಾರಿಯುದ್ದಕ್ಕೂ ಸಿಗ್ನಲ್ ಬಲಪಡಿಸುವ ಅದರ ರಿಪೀಟರ್‌ಗಳ ಒಳಗೆ ವಾಲ್ವ್‌ಗಳೇ ಇದ್ದವು. 1956ರಲ್ಲಿ ಶುರುವಾದ ಕೇಬಲ್ 1978ರವರೆಗೆ ಕೆಲಸ ಮಾಡಿತು. ವಾಲ್ವ್ ಅಂದರೆ ನಾಜೂಕು ಅನ್ನುವವರು ಇದನ್ನೊಮ್ಮೆ ಯೋಚಿಸಬೇಕು.

ಟ್ರಾನ್ಸಿಸ್ಟರ್ ಕಡೆ

1947ರ ಡಿಸೆಂಬರಿನಲ್ಲಿ ಬೆಲ್ ಲ್ಯಾಬ್ಸಿನಲ್ಲಿ ಮೊದಲ ಟ್ರಾನ್ಸಿಸ್ಟರ್ ಕೆಲಸ ಮಾಡಿದಾಗ ಅದರ ದೊಡ್ಡ ಗುಣವೇ ಕಾಯಿಸುವ ಅಗತ್ಯ ಇಲ್ಲದಿರುವುದು. ಹೀಟರ್ ಇಲ್ಲ, ಲೇಪ ಇಲ್ಲ, ಖಾಲಿಯಾಗುವುದು ಏನೂ ಇಲ್ಲ. ಸಣ್ಣ ಸಿಗ್ನಲ್ಲಿನ ಸಿಲಿಕಾನ್ ಟ್ರಾನ್ಸಿಸ್ಟರ್ ಮಿತಿಯೊಳಗೆ ಇದ್ದರೆ ದಶಕಗಟ್ಟಲೆ ಹಾಗೇ ಇರುತ್ತದೆ. ಹಳೇದಾಯಿತು ಅಂತ ಅವನ್ನೆಲ್ಲ ಕಿತ್ತು ಹಾಕುವುದರಲ್ಲಿ ಅರ್ಥವಿಲ್ಲ, ಬೆಸುಗೆ ಬಿಸಿಗೆ ಬೋರ್ಡಿನ ತಾಮ್ರ ಏಳುವುದೇ ಲಾಭ.

ಸಿಲಿಕಾನಿಗಿಂತ ಮೊದಲು ಬಳಸುತ್ತಿದ್ದ ಜರ್ಮೇನಿಯಂ ಟ್ರಾನ್ಸಿಸ್ಟರಿನದು ಬೇರೆ ಕಥೆ. ಅದರ ಜಂಕ್ಷನ್ (ಕರೆಂಟ್ ದಾಟುವ ಒಳಗಿನ ಜಾಗ) ತಡೆಯುವ ಬಿಸಿಯೇ ಕಮ್ಮಿ, ಹೆಚ್ಚಿನವು 75ರಿಂದ 90 ಡಿಗ್ರಿಗೆ ಮುಗಿಯಿತು, ಸಿಲಿಕಾನ್ ಆದರೆ 150 ಅಥವಾ 200. ಎಎಫ್114ರಿಂದ ಎಎಫ್117ರವರೆಗಿನ ಟ್ರಾನ್ಸಿಸ್ಟರ್‌ಗಳಿರುವ ಹಳೇ ರೇಡಿಯೋ ಸಿಕ್ಕಿದರೆ ಅವುಗಳ ಮೇಲೇ ಮೊದಲು ಅನುಮಾನ ಪಡಿ. ಲೋಹದ ಡಬ್ಬಿಯ ಒಳಗಿನಿಂದ ತವರದ ಕೂದಲೆಳೆಗಳು ಬೆಳೆದು ಒಳಗಿನ ತಂತಿಗಳಿಗೆ ತಾಗಿ ಶಾರ್ಟ್ ಆಗುತ್ತವೆ. ಇವಕ್ಕೆ ನಾಲ್ಕು ಕಾಲು, ಒಂದು ಡಬ್ಬಿಗೆ ಸೇರಿದ ಶೀಲ್ಡ್. ಶೀಲ್ಡಿಗೂ ಉಳಿದ ಮೂರಕ್ಕೂ ಓಮ್ ಮೀಟರ್ ಇಟ್ಟು ನೋಡಿ, ಏನೂ ಹರಿಯಬಾರದು. ಹರಿದರೆ ಶೀಲ್ಡ್ ಕಾಲನ್ನು ಕತ್ತರಿಸಿ ಬಿಡಿ, ಎಷ್ಟೋ ರೇಡಿಯೋಗಳು ಅಷ್ಟಕ್ಕೇ ಮತ್ತೆ ಹಾಡುತ್ತವೆ. ಕೂದಲೆಳೆ ಎರಡು ಮೂರು ಕಾಲುಗಳನ್ನು ಒಟ್ಟಿಗೆ ಹಿಡಿದಿದ್ದರೆ ಮಾತ್ರ ಟ್ರಾನ್ಸಿಸ್ಟರೇ ಬದಲಾಗಬೇಕು.

ಪವರ್ ಟ್ರಾನ್ಸಿಸ್ಟರಿಗೆ ನಿಜವಾದ ಸವೆತ ಉಂಟು. ಬಿಸಿಯಾಗಿ ಹಿಗ್ಗಿ, ಆರಿ ಕುಗ್ಗಿ, ಸಿಲಿಕಾನ್ ಚೂರನ್ನು ಲೋಹಕ್ಕೆ ಹಿಡಿದಿರುವ ಬೆಸುಗೆ ಸಾವಿರಾರು ಸಲ ಎಳೆದಾಡಿ ಬಿರುಕು ಬಿಡುತ್ತದೆ. ಬಿರುಕು ಬಿಟ್ಟಲ್ಲಿ ಬಿಸಿ ಹೊರಗೆ ಹೋಗುವುದಿಲ್ಲ, ಆ ಜಾಗ ಇನ್ನೂ ಕಾಯುತ್ತದೆ, ಒಂದು ದಿನ ಶಾರ್ಟ್. ಇದನ್ನು ಮುಂದೂಡುವುದು ನಿಮ್ಮ ಕೈಯಲ್ಲಿದೆ. ಹೀಟ್‌ಸಿಂಕಿಗೂ ಟ್ರಾನ್ಸಿಸ್ಟರಿಗೂ ಮಧ್ಯದ ಬಿಳಿ ಪೇಸ್ಟ್ ಹಳೇ ಆಂಪ್‌ಗಳಲ್ಲಿ ಒಣಗಿ ಸುಣ್ಣದ ಪುಡಿ ಆಗಿರುತ್ತದೆ. ಬಿಚ್ಚಿ, ಒರೆಸಿ, ಮೈಕಾ ತುಂಡು ಸೀಳಿದ್ದರೆ ಬೇರೆ ಹಾಕಿ, ಹೊಸ ಪೇಸ್ಟ್ ತೆಳುವಾಗಿ ಸವರಿ. ದಪ್ಪಗೆ ಮೆತ್ತಬೇಡಿ. ಕೂರಿಸಿದ ಮೇಲೆ ಟ್ರಾನ್ಸಿಸ್ಟರಿನ ಡಬ್ಬಿಗೂ ಹೀಟ್‌ಸಿಂಕಿಗೂ ಸಂಪರ್ಕ ಇಲ್ಲ ಅಂತ ಓಮ್ ಮೀಟರಿನಲ್ಲಿ ಖಾತ್ರಿ ಮಾಡಿಕೊಳ್ಳಿ.

ಬಹಳ ದಿನ ಮೂಲೆಯಲ್ಲಿದ್ದ ಆಂಪನ್ನು ನೇರವಾಗಿ ಪ್ಲಗ್ಗಿಗೆ ಹಾಕಬೇಡಿ. 60 ಅಥವಾ 100 ವ್ಯಾಟಿನ ಹಳೇ ತಂತಿ ಬಲ್ಬನ್ನು ಸೀರೀಸಿನಲ್ಲಿ ಇಟ್ಟು ಆನ್ ಮಾಡಿ, ಎಲ್‌ಇಡಿ ಆಗುವುದಿಲ್ಲ. ಬಲ್ಬ್ ಒಮ್ಮೆ ಹೊಳೆದು ಮಂಕಾದರೆ ಸರಿ, ಜೋರಾಗಿ ಉರಿಯುತ್ತಲೇ ಇದ್ದರೆ ಒಳಗೆ ಶಾರ್ಟ್ ಇದೆ. ಸ್ಪೀಕರ್ ಹಾಕುವ ಮೊದಲು ಔಟ್‌ಪುಟ್ಟಿನಲ್ಲಿ ಡಿಸಿ ಅಳೆಯಿರಿ. 50 ಮಿಲಿವೋಲ್ಟ್ ಒಳಗಿದ್ದರೆ ನೆಮ್ಮದಿ, 100 ದಾಟಿದರೆ ಕಾರಣ ಹುಡುಕಿ. ಔಟ್‌ಪುಟ್ ವಾಲ್ವ್ ಸೋತರೆ ಸದ್ದು ಮಂಕಾಗುತ್ತದೆ, ಮಧ್ಯೆ ಟ್ರಾನ್ಸ್‌ಫಾರ್ಮರ್ ಇರುವುದರಿಂದ ಸ್ಪೀಕರಿಗೆ ಏನೂ ಆಗುವುದಿಲ್ಲ. ಔಟ್‌ಪುಟ್ ಟ್ರಾನ್ಸಿಸ್ಟರ್ ಶಾರ್ಟ್ ಆದರೆ ಪೂರ್ತಿ ಸಪ್ಲೈ ವೋಲ್ಟೇಜ್ ಸ್ಪೀಕರಿಗೆ ಹೋಗಿ ಕಾಯಿಲ್ ಸುಟ್ಟುಹೋಗುತ್ತದೆ. ಟ್ರಾನ್ಸಿಸ್ಟರ್ ಗಟ್ಟಿ ಅನ್ನುವಾಗ ಇದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಪ್ರೊಟೆಕ್ಷನ್ ರಿಲೇ ಇಲ್ಲದ ಹಳೇ ಆಂಪಿಗೆ ಅದೊಂದನ್ನು ಹಾಕಿಸಿ.

ಸಿಗ್ನಲ್ ಇಲ್ಲದಾಗ ಹರಿಯುವ ಐಡಲ್ ಕರೆಂಟನ್ನು ಔಟ್‌ಪುಟ್ ಟ್ರಾನ್ಸಿಸ್ಟರಿನ ಎಮಿಟರ್ ಕಾಲಿಗೆ ಸೇರಿದ ರೆಸಿಸ್ಟರ್ ಮೇಲೆ ಅಳೆಯಬಹುದು, 0.22 ಓಮ್ ಇದ್ದು 5.5 ಮಿಲಿವೋಲ್ಟ್ ಬಂದರೆ 25 ಮಿಲಿಆಂಪ್. ಎಷ್ಟಿರಬೇಕು ಅನ್ನುವುದು ಆ ಆಂಪಿನ ಸರ್ವಿಸ್ ಮ್ಯಾನ್ಯುಯಲ್ಲಿನಲ್ಲಿ ಇರುತ್ತದೆ. ಅದನ್ನು ಹೊಂದಿಸುವ ಹಳೇ ಟ್ರಿಮ್ಮರ್ (ತಿರುಗಿಸುವ ಪುಟ್ಟ ರೆಸಿಸ್ಟರ್) ಬಗ್ಗೆ ಮಾತ್ರ ಎಚ್ಚರ. ಅದರ ತಿರುಗುವ ಕೈ ಸಂಪರ್ಕ ತಪ್ಪಿದರೆ ಕೆಲವು ಸರ್ಕ್ಯೂಟುಗಳಲ್ಲಿ ಔಟ್‌ಪುಟ್ ಟ್ರಾನ್ಸಿಸ್ಟರ್‌ಗಳು ಪೂರ್ತಿ ಆನ್ ಆಗಿ ಹೋಗೇಬಿಡುತ್ತವೆ. ಅದಕ್ಕೆ ತಿರುಗಿಸುವ ಮೊದಲೇ ಹೊಸ ಟ್ರಿಮ್ಮರ್ ಹಾಕುವುದು ಒಳ್ಳೆಯದು. ಮಾಸ್ಫೆಟ್ ಅನ್ನುವ ಬಗೆಯ ಟ್ರಾನ್ಸಿಸ್ಟರ್ ಇದ್ದರೆ ಅದನ್ನು ಕೆಡಿಸಲು ಮೈಯಲ್ಲಿನ ಸ್ಟ್ಯಾಟಿಕ್ಕೂ ಸಾಕು, ಅದರ ಗೇಟ್ ಸಾಮಾನ್ಯವಾಗಿ ತಡೆಯುವುದು 20 ವೋಲ್ಟ್, ನಮ್ಮ ಬೆರಳಿಗೆ ಚುರುಕ್ ಅನ್ನುವುದಕ್ಕೇ ಸುಮಾರು 3000 ವೋಲ್ಟ್ ಬೇಕು. ಅಂದರೆ ನಿಮಗೆ ಗೊತ್ತೇ ಆಗದೆ ಅದು ಸತ್ತಿರುತ್ತದೆ. ಮಣಿಕಟ್ಟಿಗೆ ಅರ್ತ್ ಪಟ್ಟಿ ಕಟ್ಟಿಕೊಳ್ಳಿ.

ಇನ್ನು ಎಲೆಕ್ಟ್ರೋಲಿಟಿಕ್ ಕೆಪಾಸಿಟರ್, ಇದು ಇಬ್ಬರಿಗೂ ಕಾಡುವ ಭಾಗ. ಬಿಸಿ 10 ಡಿಗ್ರಿ ಏರಿದರೆ ಅದರ ಆಯಸ್ಸು ಹೆಚ್ಚುಕಮ್ಮಿ ಅರ್ಧ ಆಗುತ್ತದೆ. ವಾಲ್ವ್ ಪಕ್ಕದಲ್ಲೇ ಕೂತ ಕೆಪಾಸಿಟರ್ ವಾಲ್ವಿಗಿಂತ ಮೊದಲು ಹೋಗುವುದು ಇದಕ್ಕೇ. ಗುಂಯ್ ಸದ್ದು ಬಂದರೆ, ಡಬ್ಬಿಯ ತಲೆ ಉಬ್ಬಿದ್ದರೆ, ವಾಲ್ವನ್ನೂ ಟ್ರಾನ್ಸಿಸ್ಟರನ್ನೂ ಬಿಟ್ಟು ಮೊದಲು ಇದನ್ನು ನೋಡಿ. ಜಿಜಡ್34 ರೆಕ್ಟಿಫೈಯರ್ (ಏಸಿಯನ್ನು ಡಿಸಿ ಮಾಡುವ ವಾಲ್ವ್) ಇರುವ ಸೆಟ್ಟಿನಲ್ಲಿ ಬದಲಾಯಿಸುವಾಗ ಮೊದಲ ಕೆಪಾಸಿಟರ್ 60 ಮೈಕ್ರೋಫ್ಯಾರಡ್ ದಾಟದಿರಲಿ, ದೊಡ್ಡದು ಹಾಕಿದರೆ ಆನ್ ಮಾಡಿದಾಗಿನ ನುಗ್ಗು ಕರೆಂಟು ರೆಕ್ಟಿಫೈಯರನ್ನೇ ತಿನ್ನುತ್ತದೆ.

ಬಿಡಿ ವಾಲ್ವ್ ಎತ್ತಿಡುವವರಿಗೆ

ಔಟ್‌ಪುಟ್ ವಾಲ್ವ್ ಒಂದು ಜೋಡಿ, ರೆಕ್ಟಿಫೈಯರ್ ಒಂದು, ಪ್ರೀಆಂಪಿಗೆ ಒಂದು, ಇಷ್ಟು ಸಾಕು. ಡಬ್ಬಿಯಲ್ಲಿ ಗಾಜಿಗೆ ಗಾಜು ತಾಗದ ಹಾಗೆ ಇಡಿ. ಗಾಜಿನ ಮೇಲಿನ ಅಕ್ಷರಗಳನ್ನು ಒದ್ದೆ ಬಟ್ಟೆಯಿಂದ ಒರೆಸಬೇಡಿ, ಒಮ್ಮೆ ಅಳಿಸಿದರೆ ಅದು ಯಾವ ವಾಲ್ವ್ ಅಂತ ಆಮೇಲೆ ಗೊತ್ತಾಗುವುದು ಕಷ್ಟ. ದಶಕಗಳಿಂದ ಡಬ್ಬಿಯಲ್ಲೇ ಇದ್ದ ಔಟ್‌ಪುಟ್ ವಾಲ್ವ್ ಹಾಕುವ ಮೊದಲು ಗೆಟರ್ ನೋಡಿ, ಓಮ್ ಮೀಟರಿನಲ್ಲಿ ಹೀಟರ್ ಕಡಿದಿಲ್ಲ ಅಂತ ನೋಡಿ, ಪ್ಲೇಟ್ ವೋಲ್ಟೇಜ್ ಇಲ್ಲದೆ ಬರೀ ಹೀಟರನ್ನು ಕೆಲವು ಗಂಟೆ ಉರಿಸಿ. ಇದೊಂದು ಸಲಕ್ಕೆ ಅದು ತಪ್ಪಲ್ಲ. ಆಮೇಲೆ ಬಯಾಸನ್ನು ಕರೆಂಟ್ ಅತಿ ಕಮ್ಮಿ ಬರುವ ಕಡೆಗೆ ತಿರುಗಿಸಿ ಆನ್ ಮಾಡಿ, ಪ್ಲೇಟಿನ ಮೇಲೆ ಕಣ್ಣಿಟ್ಟು ಅರ್ಧ ಗಂಟೆ ಬಿಡಿ, ಕರೆಂಟ್ ನಿಂತ ಮೇಲೆ ನಿಧಾನಕ್ಕೆ ಬೇಕಾದಷ್ಟಕ್ಕೆ ತನ್ನಿ. ಮಾರನೇ ದಿನ ಇನ್ನೊಮ್ಮೆ ಅಳೆಯಿರಿ. ಆ ದಿನದ ಅಂಕಿಯನ್ನೇ ಚೀಟಿಯ ಮೊದಲ ಸಾಲಿಗೆ ಬರೆಯಿರಿ.